ಕೆನೆ ತೆಗೆಯದ ಮೊಸರು

ದರ್ಜಿಯ ಪ್ಯಾಂಟಿನ ಸೊಂಟವನ್ನು ಅವನ ಹೆಂಡತಿ ಅವನದೇ ಮಿಷನ್ನಿನಲ್ಲಿ ಮತ್ತೊಮ್ಮೆ ಹಿಡಿದು ಹೊಲಿಯುತ್ತಿದ್ದಳು. ಅವನು ಮಂಚದಲ್ಲಿ ದಿಂಬಿಗೊರಗಿ, ಕಣ್ಣು ಮುಚ್ಚಿಕೊಂಡೇ ಅದರ ಸದ್ದಿಗೆ ಕಿವಿಗೊಟ್ಟಿದ್ದ.

"ನಿಧಾನ ತುಳಿಯೇ. ದಾರ ಕಿತ್ತುಹೋಗತ್ತೆ."

"ಮಲಗಿದ್ರೂ ಯಜಮಾನಿಕೆಗೇನು ಕಮ್ಮಿಯಿಲ್ಲ."

"ಇನ್ನೊಂದು ಸಲ ಹಿಡಿದ್ರೆ ಹಿಂದಿನ ಎರಡು ಜೇಬೂ ಸೇರಿ ಒಂದೇ ಆಗ್ತವೆ. ಹೊಸ ಫ್ಯಾಷನ್ನು ಅಂದುಬಿಡೋಣ."

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ವರ್ಷಗಳ ಹಿಂದೆ ಬಟ್ಟೆ ಕತ್ತರಿಸುತ್ತಿದ್ದಾಗಲೇ ಅವನು ಎದೆ ಹಿಡಿದುಕೊಂಡು ಕುಸಿದಿದ್ದ. ಜಿಡ್ಡು ಕಡಿಮೆ ಮಾಡಿ ಎಂದಿದ್ದರು ಡಾಕ್ಟರು. ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡುಬಿಟ್ಟಳು. ಅಂದಿನಿಂದ ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೆ ಕಾಯಿಸಿ ಮತ್ತೆ ತೆಗೆದು, ಆಮೇಲಷ್ಟೇ ಹೆಪ್ಪು ಹಾಕುತ್ತಿದ್ದಳು. ತೆಗೆದ ಕೆನೆ ಪಕ್ಕದ ಮನೆಯ ಬೆಕ್ಕಿನ ಪಾಲು.

"ಅತ್ತಿಗೆ, ನಮ್ಮಣ್ಣಂಗೆ ಮೊಸರು ಬಡಿಸ್ತೀಯೋ, ಪಾತ್ರೆ ತೊಳೆದ ನೀರೋ?" ಎಂದು ನಾದಿನಿ ಚುಚ್ಚಿದಾಗಲೂ ಅವಳು ಜಗ್ಗಲಿಲ್ಲ. ಅವನು ಮಾತ್ರ ದಿನವೂ ಬಟ್ಟಲು ಓರೆ ಮಾಡಿ ನೋಡಿ, ಕಿಟಕಿಯಲ್ಲಿ ಕೂತ ಬೆಕ್ಕಿನತ್ತ ತಿರುಗಿ ಕೇಳುತ್ತಿದ್ದ: "ನನ್ನ ಪಾಲು ತಿಂದ ಸಾಹುಕಾರರು ಹೇಗಿದಾರೆ?" ಅವಳೂ ಅದೇ ನೀರು ಮೊಸರನ್ನೇ ತಿನ್ನುತ್ತಿದ್ದಳು. ಅವನೆದುರು ಕೂತು ಕೆನೆ ತಿನ್ನಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಈಗ ಬಂದಿರುವ ಕಾಯಿಲೆಯೇ ಬೇರೆ. ಅದು ಹೊಟ್ಟೆಯಲ್ಲಿ ಹುಟ್ಟಿ ಎಲ್ಲೆಲ್ಲೋ ಹಬ್ಬಿತ್ತು. ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳೊಬ್ಬಳನ್ನೇ ಹೊರಗೆ ಕರೆದಿದ್ದಳು.

"ಇನ್ನು ಪಥ್ಯ ಬೇಡಮ್ಮ. ಬೆಣ್ಣೆ, ಕೆನೆಮೊಸರು, ಏನು ಸೇರತ್ತೋ ಅದು ಕೊಡಿ. ಮೈಗೆ ಕೊಬ್ಬೂ ಬೇಕು."

"ಹೃದಯಕ್ಕೆ?"

"ಈಗ ಅದರ ಯೋಚನೆ ಬಿಡಿ."

ಆ ಮಾತಿನ ಅರ್ಥ ಅವಳೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ಇಷ್ಟು ವರ್ಷ ನಾನು ತೆಗೆದಿದ್ದು?"

"ಕರಿದಿದ್ದು, ಬೇಕರಿ ತಿಂಡಿ ಬಿಡಿಸಿದ್ರಲ್ಲ, ಅದು ಒಳ್ಳೇದೇ ಆಯ್ತು. ಮೊಸರು..." ಡಾಕ್ಟರಮ್ಮ ಜೇಬಿನ ಪೆನ್ನನ್ನು ಸರಿಮಾಡಿಕೊಂಡಳು. "ದಿನಕ್ಕೊಂದು ಬಟ್ಟಲು ಕೆನೆ ಸಮೇತ ಕೊಟ್ಟಿದ್ರೂ ಏನೂ ಆಗ್ತಿರಲಿಲ್ಲವೇನೋ. ಆಗ ನಾವೆಲ್ಲ ಹಾಗೇ ಹೇಳ್ತಿದ್ವಿ."

ಮನೆಗೆ ಬರುವಾಗ ಅವಳು ಗಟ್ಟಿ ಹಾಲು ಕೊಂಡು ತಂದಳು. ಕಾಯಿಸಿ, ಕೆನೆ ಮುಟ್ಟದೆ ಹೆಪ್ಪು ಹಾಕಿದಳು. ತಾನು ಕಿತ್ತುಕೊಂಡದ್ದನ್ನು ಅವನು ಒಮ್ಮೆಯಾದರೂ ಬಾಯಿ ಚಪ್ಪರಿಸಿ ತಿಂದುಬಿಡಲಿ. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಹೊಲಿಗೆ ಬಿಟ್ಟು ಎದ್ದಳು. ಬಟ್ಟಲು ಓರೆ ಮಾಡಿದರೂ ಮೊಸರು ಜರುಗಲಿಲ್ಲ. ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಕೆನೆ ದಪ್ಪಗೆ ಸುಕ್ಕುಗಟ್ಟಿತ್ತು. ಆ ಕೆನೆಯನ್ನೇ ಚಮಚದಲ್ಲೆತ್ತಿ ಅವನ ಬಾಯಿಗಿಟ್ಟಳು. ಔಷಧಿಯಿಂದ ಬಾಯೆಲ್ಲ ಹುಣ್ಣು. ಕಣ್ಣು ತೆರೆಯದೆಯೇ ಕಷ್ಟಪಟ್ಟು ನುಂಗಿದ.

"ಹೇಗಿದೆ?"

"ತಣ್ಣಗಿದೆ." ಇನ್ನೊಂದು ಚಮಚ ನುಂಗಿ ಸುಧಾರಿಸಿಕೊಂಡ. "ಸಾಹುಕಾರರಿಗೆ ಕೆನೆ ಹಾಕಿದ್ಯಾ?"

ಕೆನೆ ಅವನ ಮೀಸೆಗೆ ಅಂಟಿಕೊಂಡಿತ್ತು. ಅವಳು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು.

"ಹಾಕಿದೆ," ಎಂದಳು.

"ಅದೃಷ್ಟವಂತರು." ಸಾಕೆಂದು ಕೈ ಆಡಿಸಿ ಗೋಡೆಯತ್ತ ಮಗ್ಗುಲಾದ.

ಅಡುಗೆಮನೆಯ ಕಿಟಕಿಯಲ್ಲಿ ಬೆಕ್ಕು ಕಾದು ಕೂತಿತ್ತು. ಬಟ್ಟಲನ್ನು ಅದರ ಮುಂದಿಡಲು ಹೋದವಳು, ಯಾಕೋ, ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟುಕೊಂಡಳು. ನಾಲಿಗೆಯ ಮೇಲೆ ಬೆಣ್ಣೆಯಂತೆ ಹರಡಿತು. ಹುಳಿಯೆಂದರೆ ಹುಳಿಯಲ್ಲ, ಸಿಹಿಯೆಂದರೆ ಸಿಹಿಯಲ್ಲ. ಇಷ್ಟು ರುಚಿ ಇರುತ್ತದೆಂಬುದೇ ಅವಳಿಗೆ ಮರೆತುಹೋಗಿತ್ತು. ಇನ್ನೊಂದು ಚಮಚ ತಿಂದಳು, ಮತ್ತೊಂದು. ನಾಚಿಕೆಯಾಯಿತು. ಆದರೂ ಕೈ ನಿಲ್ಲಲಿಲ್ಲ. ಬಟ್ಟಲಿನ ತಳ ಕೆರೆಯುವ ಸದ್ದಿಗೆ ಬೆಕ್ಕು ಕೂಗತೊಡಗಿತು.

"ಇವಳೇ," ಒಳಗಿನಿಂದ ಕ್ಷೀಣವಾಗಿ ಕೇಳಿಸಿತು, "ಅದು ಕೂಗ್ತಿದೆಯಲ್ಲೇ. ಹಾಕಿದೆ ಅಂದ್ಯಲ್ಲ?"

ಅವಳ ಬಾಯಿ ತುಂಬಿತ್ತು.