ಹಳದಿ ಗೀಟು

ಬಾನೆಟ್ಟಿನ ಕೆಳಗೆ ತಲೆ ಹಾಕಿದ್ದ ಹಾಶಿಮ ಡೀಸೆಲ್ ಪಂಪಿನ ಮೇಲೆ ಟಾರ್ಚು ಬಿಟ್ಟ. ಹದಿನೈದು ದಿನಗಳ ಹಿಂದೆ, ನಿಂತಾಗಿನ ಇಂಜಿನ್ನಿನ ವೇಗ ಹಿಡಿದಿಡುವ ಐಡ್ಲಿಂಗ್ ಸ್ಕ್ರೂ ಮತ್ತು ಅದರ ನಟ್ಟು ಎರಡಕ್ಕೂ ತಾಗುವಂತೆ ಅವನೇ ಎಳೆದಿದ್ದ ಹಳದಿ ಗೀಟು ಈಗ ಎರಡು ತುಂಡಾಗಿತ್ತು. ಅಲುಗಾಟಕ್ಕೆ ಸಡಿಲಾಗಿದ್ದರೆ ನಟ್ಟು ಬೆರಳಿಗೇ ತಿರುಗಬೇಕಿತ್ತು. ಅದು ಬಿಗಿಯಾಗಿಯೇ ಇತ್ತು. ಯಾರೋ ನಟ್ಟಿಗೆ ಪಾನಾ ಹಾಕಿ ಸಡಿಲಿಸಿ, ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿ, ಮತ್ತೆ ಬಿಗಿ ಮಾಡಿದ್ದರು.

ದಾಂಡೇಲಿಯ ಅವನ ಗ್ಯಾರೇಜಿಗೆ ಈ ಹಳೆಯ ಪಿಕಪ್ ಇದೇ ದೂರು ಹೊತ್ತು ಬಂದದ್ದು ಮೂರನೆಯ ಸಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಇಂಜಿನ್ನು ಇಳಿಯುವುದಿಲ್ಲ, ನಿಂತಲ್ಲೇ ಒದರುತ್ತದೆ, ಡೀಸೆಲ್ ಕುಡಿಯುತ್ತದೆ. ಮೊದಲ ಸಲ ಅವನು ಆಕ್ಸಿಲರೇಟರ್ ಕೇಬಲ್ ಬದಲಿಸಿ, ಸ್ಕ್ರೂ ಇಳಿಸಿದ್ದ. ಎರಡನೆಯ ಸಲ ಸ್ಪ್ರಿಂಗು ಹಾಕಿ, ಸ್ಕ್ರೂ ಮತ್ತೆ ಸರಿಯಾಗಿ ಕೂರಿಸಿ ಗೀಟು ಎಳೆದಿದ್ದ. ಗಾಡಿಯ ಒಡತಿ ದ್ರಾಕ್ಷಾಯಣಿ ಹಳಿಯಾಳದಲ್ಲಿ ಖಾರದ ಪುಡಿಯ ಗಿರಣಿ ನಡೆಸುವವಳು. ಜೋಯಿಡಾ, ಉಳವಿಯ ಅಂಗಡಿಗಳಿಗೆ ವಾರಕ್ಕೆರಡು ಸಲ ಮಾಲು ಕಳಿಸುತ್ತಿದ್ದಳು. ಈ ಸಲ ತಾನೇ ಜೊತೆಗೆ ಬಂದಿದ್ದಳು. "ಇವತ್ತೂ ಆಗಲಿಲ್ಲಂದ್ರ ಬ್ಯಾರೆ ಗ್ಯಾರೇಜ್ ನೋಡ್ತೇನ್ರಿ. ಸಿಟ್ಟಾಗಬ್ಯಾಡ್ರಿ" ಎಂದು ಹೇಳಿ, ಪೇಟೆಯ ಅಂಗಡಿಗಳಿಂದ ಆರ್ಡರು ತರಲು ಹೋಗಿದ್ದಳು.

ಡ್ರೈವರ್ ಅಡಿವೆಯ್ಯ ಸೀಟಿನಲ್ಲೇ ಕೂತಿದ್ದ. ಐವತ್ತೆಂಟರ ಮನುಷ್ಯ. ದ್ರಾಕ್ಷಾಯಣಿಯ ಮಾವ ಗಾಡಿ ಕೊಂಡಾಗಿನಿಂದ, ಹತ್ತೊಂಬತ್ತು ವರ್ಷ, ಅದನ್ನು ಓಡಿಸಿದವನು ಅವನೊಬ್ಬನೇ.

ಹಾಶಿಮ ಕಿಟಕಿಯ ಹತ್ತಿರ ಬಂದು, "ಚಾಲೂ ಮಾಡ್ರಿ, ಅಯ್ಯಾರ" ಎಂದ. ಇಂಜಿನ್ನು ಅಬ್ಬರಿಸಿತು. ಅವನು ಮುಂದೆ ಹೋಗಿ ಸ್ಕ್ರೂ ಹಿಂದಕ್ಕೆ ತಿರುಗಿಸಿದ. ಅಬ್ಬರ ಇಳಿದು, ಸಣ್ಣಗಿನ ಒಂದೇ ಸಮದ ಬಡಿತ ಉಳಿಯಿತು. ಆಯಿತೆಂಬಂತೆ ಪಕ್ಕಕ್ಕೆ ಸರಿದು ತಲೆಯಾಡಿಸಿದ. ಅಡಿವೆಯ್ಯ ಅವನ ಮುಖ ನೋಡಿದ, ಡ್ಯಾಶ್‌ಬೋರ್ಡು ನೋಡಿದ, ಕೀಲಿ ತಿರುವಿದ. ಓಡುತ್ತಿದ್ದ ಇಂಜಿನ್ನಿಗೆ ಸ್ಟಾರ್ಟರಿನ ಹಲ್ಲು ತಾಗಿ ಕರಕರ ಎಂದಿತು. ಹಾಶಿಮ ಓಡಿಬಂದು ಕೀಲಿಯ ಮೇಲಿನ ಕೈ ಹಿಡಿದ. ಎರಡು ತಿಂಗಳ ಹಿಂದೆ ಇದೇ ಗಾಡಿಯ ಸ್ಟಾರ್ಟರು ಹಲ್ಲು ಮುರಿದುಕೊಂಡು ಬಂದದ್ದು ಆಗ ಅವನಿಗೆ ನೆನಪಾಯಿತು.

"ಎಷ್ಟ ದಿನಾತ್ರಿ, ಕಿವಿ?" ಎಂದು ಕೇಳಿದ. ಅಡಿವೆಯ್ಯ "ಏನ?" ಎಂದ. ಹಾಶಿಮ ಇನ್ನಷ್ಟು ಜೋರಾಗಿ ಕೇಳಿದ. ಆಚೆಯ ಪಂಕ್ಚರ್ ಅಂಗಡಿಯವನು ತಿರುಗಿ ನೋಡಿದ. ಹಾಶಿಮ ಸುತ್ತಿಬಂದು ಎಡಗಡೆಯ ಸೀಟಿನಲ್ಲಿ ಕೂತು, ಎರಡೂ ಕಿಟಕಿಯ ಗಾಜು ಏರಿಸಿದ.

"ಬಲಗಡೇದು ವರ್ಷಾತು. ಎಡಗಡೇದು ದೀಪಾವಳಿಯಿಂದ" ಎಂದ ಅಡಿವೆಯ್ಯ. "ಸಣ್ಣಗ ಇಟ್ರ ಚಾಲೂ ಐತೋ ಬಂದ್ ಆಗೇತೋ ತಿಳಿಯೂದಿಲ್ಲ. ಜೋಯಿಡಾದಾಗ ಹಿಂಗ ಮಾಡಿದೆ, ಅಂಗಡಿ ಮುಂದಿನ ಮಂದಿ ನಕ್ಕರು. ಅವತ್ತ ಸ್ಕ್ರೂ ತಿರುವಿ ಸಪ್ಪಳ ಏರಿಸಿದೆ."

"ನಾ ಇಳಿಸಿದಾಗೆಲ್ಲ?"

"ಹಳಿಯಾಳ ಮುಟ್ಟೂದರಾಗ ಮತ್ತ ಏರಿಸ್ತಿದ್ದೆ." ಹಾಶಿಮನ ಕಡೆ ತಿರುಗಿ, "ಅಕ್ಕಾರಿಗೆ ಹೇಳಬ್ಯಾಡ, ಹಾಶಿಮ. ಪಂಪ್ ಕೆಟ್ಟೈತಿ ಅನ್ನು" ಎಂದ.

ಹಾಗೆಂದರೆ ದ್ರಾಕ್ಷಾಯಣಿ ನಂಬುತ್ತಿದ್ದಳು. ಪಂಪು ಹಳೆಯದೇ. ಗ್ಯಾರೇಜಿನ ಹೆಸರೂ ಉಳಿಯುತ್ತಿತ್ತು. ಹಾಶಿಮ ಕೈಯಲ್ಲಿದ್ದ ಪಾನಾ ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಉಳವಿ ದಾರ್‍ಯಾಗ ತಿರುವಿಗೊಮ್ಮೆ ಹಾರ್ನ್ ಹೊಡೀತಾರಲ್ರೀ. ಅದು ಕೇಳತೈತೇನು?"

ಅಡಿವೆಯ್ಯ ಸ್ಟೀರಿಂಗಿನ ನಡುವಿನ ಹಾರ್ನಿನ ಮೇಲಿದ್ದ ಧೂಳು ಬೆರಳಿನಿಂದ ಒರೆಸಿದ.

"ಪಂಪ್ ಕೆಟ್ಟೈತಿ ಅಂತ ನಾ ಹೇಳೂದಿಲ್ರಿ. ಖರೇದು ಏನಂತ ನೀವ ಹೇಳ್ರಿ."

ದ್ರಾಕ್ಷಾಯಣಿ ಬಂದಾಗ ಇಂಜಿನ್ನು ಸಣ್ಣಗೆ ಓಡುತ್ತಲೇ ಇತ್ತು. "ಅಂತೂ ಆತಲ್ರಿ. ಏನಾಗಿತ್ತು?" ಎಂದಳು. ಹಾಶಿಮ ಚಿಂದಿಯಿಂದ ಕೈ ಒರೆಸುತ್ತ ನಿಂತ. ಅಡಿವೆಯ್ಯ ಕೆಳಗಿಳಿದ.

"ಸ್ಕ್ರೂ ನಾನ ತಿರುವುತ್ತಿದ್ದೆ, ಅಕ್ಕಾರ. ನನಗ ಇಂಜಿನ್ ಸಪ್ಪಳ ಕೇಳಸೂದಿಲ್ಲ."

ಅವಳು ಮೆಲ್ಲಗೆ ಏನೋ ಅಂದಳು. ಅವನು ಅವಳ ತುಟಿಗಳನ್ನೇ ನೋಡಿದ, ತಿಳಿಯಲಿಲ್ಲ. ಕೆಲವು ತಿಂಗಳಿಂದ ಹಿಂದಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಸೊಕ್ಕು ಬಂದಿದೆ ಎಂದು ಗಿರಣಿಯ ಹೆಂಗಸರೆದುರು ಅವಳು ಎಷ್ಟೋ ಸಲ ಅಂದಿದ್ದಳು. ಈಗ ಆರ್ಡರಿನ ಚೀಟಿಯನ್ನು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು.

"ನಾಳೆ ಧಾರವಾಡಕ್ಕ ಹೋಗೂಣು, ಕಾಕಾ" ಎಂದಳು ಎತ್ತರದ ದನಿಯಲ್ಲಿ. "ಕಿವಿ ತೋರಸೂಣು."

"ಗಾಡಿ?"

"ಡಾಕ್ಟರು ಏನಂತಾರ ನೋಡೂಣು. ಈಗ ನಾ ಹೊಡೀತೇನಿ. ನಂಗ ಕಾರು ಬರತೈತಿ."

"ಇದು ಕಾರಲ್ರಿ" ಎಂದ ಅಡಿವೆಯ್ಯ. "ಕ್ಲಚ್ ಭಾಳ ಮ್ಯಾಲೆ ಹಿಡೀತೈತಿ."

"ಹೇಳಿಕೊಡ್ರಿ ಮತ್ತ."

ಅವನು ಸುತ್ತಿಹೋಗಿ ಎಡಬಾಗಿಲಿನಿಂದ ಹತ್ತಿ, ಕಿಟಕಿಯ ಗಾಜು ಇಳಿಸಿದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. ಮೊದಲ ಸಲ ಗಾಡಿ ಜಗ್ಗಿ ನಿಂತುಬಿಟ್ಟಿತು. ಎರಡನೆಯ ಸಲ ಹೊರಟಿತು. ಹಾಶಿಮ ಬಾಗಿಲವರೆಗೆ ಬಂದು ನೋಡಿದ. ದೊಡ್ಡ ರಸ್ತೆಯ ಅಂಚಿನಲ್ಲಿ ಪಿಕಪ್ ಬಲಕ್ಕೆ ಹೊರಳಲು ತಡವರಿಸಿತು. ಎಡಗಡೆಯಿಂದ ಒಂದು ಟೆಂಪೋ ಬರುತ್ತಿತ್ತು. ಎಡಕಿಟಕಿಯಿಂದ ಅಡಿವೆಯ್ಯನ ಕೈ ಹೊರಗೆ ಬಂತು, ಅಂಗೈ ತೆರೆದು ಚಾಚಿತು. ಟೆಂಪೋ ನಿಂತಿತು. ಗಾಡಿ ಪೂರ್ತಿ ಹೊರಳಿ ನೆಟ್ಟಗಾಗುವವರೆಗೂ ಆ ಕೈ ಹಾಗೆಯೇ ಇತ್ತು.