ಘಾಟಿಲ್ಲದ ಮೆಣಸಿನಕಾಯಿ

ನಮ್ಮ ಅತ್ತೆ ಗುರುಬಾಯಿಯನ್ನು ಅಕ್ಕಲಕೋಟೆಯಲ್ಲಿ ಯಾರಾದರೂ ಮಾಟಗಾತಿ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದವಳು ನಾನು. ಈಗ ಆ ಬಾಯಿ ನನಗಿಲ್ಲ.

೧೯೭೪ರಲ್ಲಿ ಅಮೆರಿಕದ ಸಿನಿಮಾದವರು ನಮ್ಮ ವಾಡೆಯನ್ನು, ಆ ಹಳೇ ದೊಡ್ಡ ಮನೆಯನ್ನು, ಹದಿನೈದು ದಿನ ಬಾಡಿಗೆಗೆ ಹಿಡಿದಿದ್ದರು. ಅವರ ಜತೆ ಪಾತ್ರ ಮಾಡಲು ಬಂದ ಬಂಗಾರದ ಕೂದಲಿನ ಹುಡುಗನೊಬ್ಬ. ಒಂದು ಮಧ್ಯಾಹ್ನ ಅವನು ಉಂಡದ್ದೆಲ್ಲ ಕಾರಿಕೊಂಡು ಸೊರಗಿ ಕೂತ. ಅತ್ತೆಗೆ ಕರುಳು ಚುರ್ ಅಂತು. "ಇಷ್ಟ ಮಂದಿ ನೋಡಿದ್ರ ದೃಷ್ಟಿ ಆಗದ ಇರ್ತೈತೇನ?" ಎಂದು ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅವನ ಮುಖದ ಸುತ್ತ ನಿವಾಳಿಸಿದಳು. "ಬಂದವರ ಕಣ್ಣು, ಹೋದವರ ಕಣ್ಣು, ಮನಿಯವರ ಕಣ್ಣು, ಎಲ್ಲಾ ಸುಟ್ಟು ಹೋಗ್ಲಿ." ಒಲೆಗೆ ಹಾಕಿದರೆ ಯಾರಿಗೂ ಕೆಮ್ಮು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ತಗುಲಿದ್ದು ಖರೆ ಎಂದು ನಮ್ಮವರ ನಂಬಿಕೆ. ಸಂಜೆಗೆ ಹುಡುಗ ಎರಡು ಬಾಳೆಹಣ್ಣು ತಿಂದ. ಇದನ್ನೆಲ್ಲ ಅವರು ಕ್ಯಾಮೆರಾದಲ್ಲಿ ಹಿಡಿದರು. ಉಪ್ಪು, ಮೆಣಸಿನಕಾಯಿಯ ತಾಟು ಹಿಡಿದು ಪಕ್ಕದಲ್ಲೇ ನಾನು ನಿಂತಿದ್ದೆ.

ಎರಡು ವರ್ಷಕ್ಕೆ ಆ ಸಿನಿಮಾ ಸೋಲಾಪುರಕ್ಕೆ ಬಂತು. ಓಣಿಗೆ ಓಣಿಯೇ ಎಸ್‌ಟಿ ಬಸ್ಸು ಹತ್ತಿ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟಿದ್ದಳು. ಪರದೆಯ ಮೇಲೆ ಹಾವು, ಹೊಗೆ, ಹಲ್ಲು ಕಿರಿಯುವ ಬೈರಾಗಿಗಳು; ನಮ್ಮ ವಾಡೆ ಅವರ ಅಡ್ಡೆಯಾಗಿತ್ತು. ಆಮೇಲೆ ಅತ್ತೆಯ ಮುಖ, ಪರದೆ ತುಂಬ. ಅದೇ ಮುಷ್ಟಿ, ಅದೇ ಸುತ್ತು. ಬಾಯಿಂದ ಬಂದದ್ದು ಮಾತ್ರ ಯಾರದೋ ಒಣ ನಗೆ, ಬಾವಿಯ ತಳದಿಂದ ಬಂದ ಹಾಗೆ. ಮರುಗಳಿಗೆ ಹುಡುಗ ಸತ್ತುಬಿದ್ದ.

ಬಸ್ಸಿನಲ್ಲಿ ಅತ್ತೆ ಒಂದೇ ಮಾತು ಕೇಳಿದಳು. "ನೀಲಾ, ನಾ ಅವತ್ತ ಹಂಗ ನಕ್ಕಿದ್ನೇನ?"

"ಇಲ್ರೀ ಅತ್ತಿ. ಅದು ಬ್ಯಾರೆ ಯಾರದೋ ದನಿ," ಅಂದೆ.

ಓಣಿಯವರಿಗೆ ಪರದೆಯ ಮೇಲೆ ಕಂಡದ್ದೇ ಸಾಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ! ಪಕ್ಕದ ಮನೆ ಚಂದ್ರಭಾಗಾ ತನ್ನ ಮೂರೂ ಮಕ್ಕಳಿಗೆ ಅತ್ತೆಯ ಕೈಯಿಂದಲೇ ದೃಷ್ಟಿ ತೆಗೆಸಿದವಳು. ಈಗ ಅತ್ತೆ ಕಂಡರೆ ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ನಾನು ಅವಳ ಜತೆ ಹಾದಿಯಲ್ಲೇ ಜಗಳಕ್ಕೆ ಬಿದ್ದೆ. ಆದರೆ ಅತ್ತೆ ಒಳಗೆ ಪಾತ್ರೆ ತೊಳೆಯುವಾಗ ಆ ನಗೆ ನನಗೂ ಕೇಳತೊಡಗಿತ್ತು. ಹೋಗಿ ನೋಡಿದರೆ ಅವಳ ತುಟಿ ಮುಚ್ಚಿರುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಆರು ತಿಂಗಳ ಕೂಸು ಹಾಲು ಬಿಟ್ಟು ಕಿರುಚತೊಡಗಿತು. ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಓಡಿಬಂದಳು. ನಾನು ಕೂಸನ್ನು ಅವುಚಿಕೊಂಡು ಗೋಡೆಗೆ ಸರಿದೆ. ಯಾಕೆ ಸರಿದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ನಾಚಿಕೆಯಾಯಿತು.

ಅತ್ತೆ ನಿಂತಳು. ಮುಷ್ಟಿ ಬಿಚ್ಚಿ ಎಲ್ಲವನ್ನೂ ನನ್ನ ಕೈಗೆ ಸುರಿದಳು. "ಕೂಸಿಗೆ ನೀನ ತಗೀ, ಯವ್ವಾ. ಆಮ್ಯಾಲ ನನಗೂ ತಗಿ."

ಕೂಸಿಗೆ ನಿವಾಳಿಸಿ ಒಲೆಗೆ ಹಾಕಿದೆ. ಘಾಟಿಗೆ ಎಲ್ಲರೂ ಕೆಮ್ಮಿದೆವು. ಕೂಸಿಗೆ ಯಾವ ದೃಷ್ಟಿಯೂ ಇರಲಿಲ್ಲ. ಮತ್ತೊಂದು ಹಿಡಿ ತೆಗೆದುಕೊಂಡು ಅತ್ತೆಯ ಮುಖದ ಸುತ್ತ ಸುತ್ತಿದೆ. ಬಂದವರ ಕಣ್ಣು, ಹೋದವರ ಕಣ್ಣು... ಮೂರನೆಯದಕ್ಕೆ ನನ್ನ ನಾಲಿಗೆ ನಿಂತಿತು. ಹಾಗೆಯೇ ಒಲೆಗೆ ಹಾಕಿದೆ.

ಮೆಣಸಿನಕಾಯಿ ಚಟಪಟ ಎಂದು ಕಪ್ಪಾದವು. ಘಾಟು ಬರಲಿಲ್ಲ.

"ಒಂದ ಕಣ್ಣು ಬಿಟ್ಟಿ, ನೀಲಾ," ಎಂದಳು ಅತ್ತೆ ಮೆಲ್ಲಗೆ. "ಅದನ್ನೂ ಹೇಳು."