ಹಾಯಿಬಟ್ಟೆಯ ಗಂಜಿ

ಬಂಜೆಯೆಂದು ನೀಲವ್ವನನ್ನು ಬಿಟ್ಟು ರತ್ನಾಗಿರಿಗೆ ಹೋಗಿದ್ದ ಗಂಡ ಮುರಿಗೆಪ್ಪ, ಸಂಸ್ಥಾನ ಅಳಿದು ಮುಂಬೈ ಸರ್ಕಾರ ಬಂದ ಮೇಲೆ ಒಮ್ಮೆ ಬನಹಟ್ಟಿಯ ಅವಳ ಮಗ್ಗದ ಮನೆಗೆ ಬಂದು, ಹಾಯಿಬಟ್ಟೆ ನೇಯ್ದು ಕೊಡು ಎಂದ. ಹೊಸ ಹೆಂಡತಿಯ ತವರಿನ ಹಡಗಿಗೆ ಈಗ ಅವನೇ ಚುಕ್ಕಾಣಿ ಹಿಡಿಯುತ್ತಿದ್ದ.

"ಹಡಗಂದ್ರ ಪತ್ತೆಮಾರಿ ಲೇ! ಮುಂದಕ್ಕ ವಾಲಿದ ಕಂಬಕ್ಕ ಮೂರು ಮೂಲಿ ಹಾಯಿ. ಗಾಳಿ ತುಂಬಿದ್ರ ಬಸರಿ ಹೊಟ್ಟಿಯಂಗ ಉಬ್ಬತೈತಿ."

"ಎಲ್ಲಿ ಭಾಳ ಉಬ್ಬತೈತ್ರಿ?"

ಅವನು ಹಿಗ್ಗಿ, ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದ.

ನೀಲವ್ವ ಆ ಉಬ್ಬುವ ಜಾಗಕ್ಕೆ ಬರುವ ಪಟ್ಟಿಗಳನ್ನಷ್ಟೇ ಸಡಿಲವಾಗಿ ನೇಯ್ದು, ದಪ್ಪ ಗಂಜಿ ಹಾಕಿ ಒಣಗಿಸಿದಳು. ಎಂದೂ ಮಗ್ಗಕ್ಕೆ ಕೂತಿರದ ಮುರಿಗೆಪ್ಪ ಬಟ್ಟೆಯನ್ನು ಬೆರಳಿನಿಂದ ಬಡಿದು ನೋಡಿದ.

"ಹಲಗಿಯಂಗ ಗಟ್ಟಿ ಆಗೇತಲ್ಲಲೇ!"

"ನಿಮ್ಮ ಸಲುವಾಗೆ ನೇಯ್ದೇನ್ರಿ" ಎಂದಳು ನೀಲವ್ವ. ಉಪ್ಪುನೀರಿಗೆ ಆ ಗಂಜಿ ಕರಗಿ ಸಡಿಲ ನೇಯ್ಗೆ ಹರಿಯುವಾಗ ಅವನಿಗೆ ದಡ ಕಾಣದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.